ನೋಡಿ ಬರೆಯುವುದಕ್ಕಿಂತ ನೆನೆದು ಬರೆಯಿರಿ: ಹಿರಗನ ಮತ್ತು ಕತಕನ ಅಕ್ಷರಾಭ್ಯಾಸ

ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಜಪಾನಿನ ಮಕ್ಕಳು ಅಕ್ಷರಮಾಲೆ ಒಪ್ಪಿಸುವುದು ಈ ಕ್ರಮದಲ್ಲಿ. ಕನ್ನಡದ ವರ್ಣಮಾಲೆಯನ್ನು ಬಾಯಿಪಾಠ ಮಾಡಿದವರಿಗೆ ಇದರಲ್ಲಿ ಅಪರಿಚಿತವಾದದ್ದು ಹೆಚ್ಚೇನಿಲ್ಲ. ಮೊದಲು ಸ್ವರ, ನಂತರ ಗಂಟಲಿನಿಂದ ತುಟಿಯ ಕಡೆಗೆ ಸಾಗುವ ವ್ಯಂಜನ, ಕೊನೆಯಲ್ಲಿ ಯ, ರ, ವ. ‘ಚ’ ಇರಬೇಕಾದಲ್ಲಿ ‘ಸ’, ‘ಪ’ ಇರಬೇಕಾದಲ್ಲಿ ‘ಹ’ ಬಂದಿದೆ. ಈಗಿನ ‘ಹ’ ಸಾಲನ್ನು ಬಹಳ ಹಿಂದೆ ‘ಪ’ ಎಂದೇ ಉಚ್ಚರಿಸುತ್ತಿದ್ದರು ಎಂಬುದು ಭಾಷಾತಜ್ಞರ ಅಭಿಪ್ರಾಯ. ಹಾಗೆ ನೋಡಿದರೆ ಅದೂ ತನ್ನ ಜಾಗದಲ್ಲೇ ಇದೆ. ಇದು ಆಕಸ್ಮಿಕವಲ್ಲ. ಬೌದ್ಧ ಮಂತ್ರಗಳನ್ನು ಸರಿಯಾಗಿ ಉಚ್ಚರಿಸಲೆಂದು ಜಪಾನಿನ ಭಿಕ್ಷುಗಳು ಸಂಸ್ಕೃತವನ್ನು ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯ ಮೂಲಕ ಕಲಿಯುತ್ತಿದ್ದರು. ಕೂಕಾಯ್ ಎಂಬ ಭಿಕ್ಷು 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಮರಳಿದಾಗ ಸಿದ್ಧಂ ಗ್ರಂಥಗಳನ್ನೂ ಹೊತ್ತು ತಂದರು. ಆ ಅಧ್ಯಯನದ ಪ್ರಭಾವದಿಂದಲೇ ಜಪಾನಿ ಅಕ್ಷರಗಳು ಹೀಗೆ ಸಾಲುಗಟ್ಟಿದವು. ಈ ಜೋಡಣೆಗೆ ಗೊಜೂಒನ್, ಅಂದರೆ ಐವತ್ತು ಧ್ವನಿಗಳು ಎಂದು ಹೆಸರು. ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 46.

ಹಾಗಾಗಿ ಕನ್ನಡಿಗರಿಗೆ ಕ್ರಮವೂ ಗೊತ್ತು, ಬಹುಪಾಲು ಧ್ವನಿಗಳೂ ಗೊತ್ತು. ಹಿಂದಿಯವರಿಗೆ ಇಲ್ಲದ ಹ್ರಸ್ವ ‘ಎ’ ಮತ್ತು ‘ಒ’ ನಮ್ಮಲ್ಲಿವೆ, ಜಪಾನಿಯಲ್ಲೂ ಇವೆ. ಗೊತ್ತಿಲ್ಲದ್ದು ಆಕಾರ ಮಾತ್ರ. ಆದರೆ ಆಕಾರದ ವಿಷಯದಲ್ಲಿ ಕನ್ನಡದ ಅಭ್ಯಾಸ ಕೈಕೊಡುತ್ತದೆ. ನಮ್ಮಲ್ಲಿ ಕ, ಕಿ, ಕು, ಕೆ, ಕೊ ಒಂದೇ ಅಕ್ಷರದ ಕಾಗುಣಿತ. ಅಲ್ಲಿ ಕಾಗುಣಿತವೆಂಬುದೇ ಇಲ್ಲ. ಐದೂ ಸ್ವತಂತ್ರ ಅಕ್ಷರಗಳು. ‘ಕ’ ಬಂದವರಿಗೆ ‘ಕಿ’ಯನ್ನು ಊಹಿಸುವ ದಾರಿಯಿಲ್ಲ. ಅಭ್ಯಾಸದ ಸಮಯವನ್ನೆಲ್ಲ ಕಣ್ಣಿಗೂ ಕೈಗೂ ಮೀಸಲಿಡಬೇಕಾದದ್ದು ಈ ಕಾರಣಕ್ಕೆ.

ಈ ಲೇಖನವನ್ನು ಓದುವಾಗ ಜಪಾನಿಯ ಎರಡು ಅಕ್ಷರಮಾಲೆಗಳಾದ ಹಿರಗನ ಮತ್ತು ಕತಕನದ ಪಟ್ಟಿಯೊಂದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಇಲ್ಲಿ ಪ್ರತಿ ಅಕ್ಷರವನ್ನೂ ಅದರ ಧ್ವನಿಯಿಂದ ಕರೆದಿದ್ದೇನೆ. ಆಕಾರವನ್ನು ಪಟ್ಟಿಯಲ್ಲಿ ಹುಡುಕಿ ನೋಡುವುದೂ ಅಭ್ಯಾಸದ ಭಾಗವೇ.

ಯಾವುದು ಮೊದಲು

ಜಪಾನಿಯಲ್ಲಿ ಮೂರು ಬಗೆಯ ಬರಹಗಳು ಒಂದೇ ವಾಕ್ಯದೊಳಗೆ ಬೆರೆತಿರುತ್ತವೆ. ನಾಮಪದ ಮತ್ತು ಕ್ರಿಯಾಧಾತುಗಳಿಗೆ ಹೆಚ್ಚಾಗಿ ಚೀನೀ ಮೂಲದ ಕಂಜಿ, ಪ್ರತ್ಯಯಗಳಿಗೂ ಅನೇಕ ದೇಶೀ ಪದಗಳಿಗೂ ಹಿರಗನ, ವಿದೇಶಿ ಪದಗಳಿಗೂ ಹೆಸರುಗಳಿಗೂ ಕತಕನ. ಹಿರಗನ ಮತ್ತು ಕತಕನ ಎರಡೂ ಅದೇ 46 ಧ್ವನಿಗಳನ್ನು ಬರೆಯುವ ಎರಡು ರೂಪಗಳು. ಇಡೀ ಚೀನೀ ಅಕ್ಷರವನ್ನು ವೇಗವಾಗಿ, ಹರಿಯುವಂತೆ ಬರೆಯುತ್ತಾ ಹಿರಗನ ಹುಟ್ಟಿತು. ಅಕ್ಷರದ ಒಂದು ತುಂಡನ್ನು ಮಾತ್ರ ಎತ್ತಿಕೊಂಡು ಕತಕನ ಹುಟ್ಟಿತು. ಅದಕ್ಕೇ ಹಿರಗನ ಬಾಗುತ್ತದೆ, ಕತಕನ ಗೆರೆಗಳಂತೆ ನಿಲ್ಲುತ್ತದೆ. ಹಿಂದೆ ಒಂದೇ ಧ್ವನಿಗೆ ಹಲವು ಹಿರಗನ ರೂಪಗಳಿದ್ದವು. 1900ರಲ್ಲಿ ಜಪಾನಿನ ಪ್ರಾಥಮಿಕ ಶಾಲಾ ನಿಯಮಾವಳಿ ಒಂದು ಧ್ವನಿಗೆ ಒಂದೇ ರೂಪವೆಂದು ನಿಗದಿ ಮಾಡಿತು. ಆ ನಿರ್ಧಾರಕ್ಕೆ ಇಂದಿನ ಕಲಿಯುವವರು ಋಣಿಗಳಾಗಿರಬೇಕು.

ಹಿರಗನದಿಂದಲೇ ಆರಂಭಿಸಿ. ಗೆರೆಗಳು ನೇರವಾಗಿರುವುದರಿಂದ ಕತಕನ ಸುಲಭ ಎಂದು ಕೆಲವರು ಅದನ್ನು ಮೊದಲು ಹಿಡಿಯುತ್ತಾರೆ. ಆದರೆ ಆರಂಭದ ಪಾಠಗಳ ವಾಕ್ಯಗಳೆಲ್ಲ ಹಿರಗನದಲ್ಲೇ ಇರುತ್ತವೆ. ಕಲಿತದ್ದನ್ನು ಆ ವಾರವೇ ಬಳಸಲು ಸಿಗುವುದು ಅದೇ. ಎರಡನ್ನೂ ಒಟ್ಟಿಗೆ ಕಲಿಯುವುದನ್ನು ಮಾತ್ರ ಯಾರಿಗೂ ಶಿಫಾರಸು ಮಾಡಲಾರೆ. ‘ಕ’, ‘ಕಿ’, ‘ಯ’, ‘ರಿ’, ‘ಹೆ’ ಎರಡರಲ್ಲೂ ಹತ್ತಿರ ಹತ್ತಿರ ಇದ್ದು ಒಂದರ ಮೇಲೊಂದು ಕೂತುಬಿಡುತ್ತವೆ.

ಕೈಯಲ್ಲಿ ಬರೆಯುವುದೇ ಏಕೆ ಎಂಬ ಪ್ರಶ್ನೆಯೂ ಬರುತ್ತದೆ. ಬೆಂಗಳೂರಿನಲ್ಲೂ ನಡೆಯುವ, ಜಪಾನಿ ಭಾಷಾ ಸಾಮರ್ಥ್ಯವನ್ನು ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಬರವಣಿಗೆಯ ವಿಭಾಗವಿಲ್ಲ. ಎನ್5ರಿಂದ ಎನ್1ರವರೆಗೆ ಐದೂ ಹಂತಗಳಲ್ಲಿ ಉತ್ತರವನ್ನು ಆಯ್ಕೆ ಮಾಡಿದರೆ ಸಾಕು. ಮೊಬೈಲ್‌ನಲ್ಲಿ ಬೆರಳಾಡಿಸಿದರೆ ಅಕ್ಷರ ತಾನೇ ಬರುತ್ತದೆ. ಆದರೂ ಬರೆಯಿರಿ. ಹೋಲುವ ಎರಡು ಅಕ್ಷರಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಕಣ್ಣು ಜಾರಿಸಿಬಿಡುತ್ತದೆ, ಕೈಗೆ ಹಾಗೆ ಜಾರಿಸಲು ಆಗುವುದಿಲ್ಲ. ಬರೆಯುವಾಗ ಗೆರೆ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಎಂದು ತೀರ್ಮಾನಿಸಲೇಬೇಕು. ಆ ತೀರ್ಮಾನವೇ ನೆನಪಾಗಿ ಉಳಿಯುತ್ತದೆ.

ಬೇಕಾದ ಸಾಮಗ್ರಿ

ಲೆಕ್ಕಕ್ಕೆ ಬಳಸುವ ಚೌಕುಳಿ ನೋಟ್‌ಬುಕ್ ಒಂದು. ಅದರ ನಾಲ್ಕು ಸಣ್ಣ ಚೌಕಗಳನ್ನು ಸೇರಿಸಿ ಒಂದು ದೊಡ್ಡ ಚೌಕ ಎಂದುಕೊಳ್ಳಿ. ಜಪಾನಿನ ಶಾಲಾಮಕ್ಕಳ ಅಭ್ಯಾಸ ಪುಸ್ತಕದಲ್ಲೂ ಪ್ರತಿ ಚೌಕದ ನಡುವೆ ಚುಕ್ಕಿಗೆರೆಯ ಅಡ್ಡ ಮತ್ತು ಉದ್ದ ರೇಖೆಗಳಿರುತ್ತವೆ. ನಮ್ಮ ನೋಟ್‌ಬುಕ್‌ನಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ. ಗೆರೆ ಮಧ್ಯರೇಖೆಯನ್ನು ಎಲ್ಲಿ ದಾಟುತ್ತದೆ, ಸುರುಳಿ ಕೆಳಗಿನ ಬಲ ಚೌಕದಲ್ಲೇ ಇದೆಯೇ ಎಂದು ಆಗ ಅಳೆದು ನೋಡಬಹುದು. ಗೆರೆ ಎಳೆದ ಸಾದಾ ಪುಸ್ತಕದಲ್ಲಿ ಅಕ್ಷರ ಅಂಡಲೆಯುತ್ತದೆ.

ಪೆನ್ಸಿಲ್ ಮೆದುವಾಗಿರಲಿ, 2ಬಿ ಆದರೆ ಒಳ್ಳೆಯದು. ಬಾಲ್ ಪೆನ್ನಿನಲ್ಲಿ ಒತ್ತಡದ ಏರಿಳಿತ ಕಾಣುವುದಿಲ್ಲ. ಜಪಾನಿ ಅಕ್ಷರದಲ್ಲಿ ಅದು ಕಾಣಬೇಕು. ಪ್ರತಿ ಗೆರೆಯ ಕೊನೆಗೂ ಮೂರರಲ್ಲಿ ಒಂದು ಬಗೆ: ಪೆನ್ಸಿಲನ್ನು ನಿಲ್ಲಿಸಿ ಎತ್ತುವ ‘ತೊಮೆ’, ಕೊಕ್ಕೆಯಂತೆ ಚಿಮ್ಮಿಸುವ ‘ಹನೆ’, ಹಗುರಾಗುತ್ತಾ ಬಿಡಿಸಿಕೊಳ್ಳುವ ‘ಹರಾಯ್’. ಈ ಮೂರನ್ನು ಮೊದಲ ದಿನವೇ ಗಮನಿಸಲು ಕಲಿತವರ ಬರಹ ಬೇಗ ತಿದ್ದಿಕೊಳ್ಳುತ್ತದೆ.

ನೋಡಿ ಬರೆಯುವ ಮಾದರಿಯನ್ನು ಎಚ್ಚರದಿಂದ ಆರಿಸಿ. ವೆಬ್‌ಸೈಟುಗಳ ಮುದ್ರಣಾಕ್ಷರದಲ್ಲಿ ‘ಕಿ’ ಮತ್ತು ‘ಸ’ ಅಕ್ಷರಗಳ ಕೆಳಭಾಗ ಮೇಲಿನ ಗೆರೆಗೆ ಅಂಟಿಕೊಂಡಿರುತ್ತದೆ. ಕೈಬರಹದಲ್ಲಿ ಅಲ್ಲಿ ಪೆನ್ಸಿಲ್ ಎತ್ತಬೇಕು. ‘ಕಿ’ಗೆ ನಾಲ್ಕು ಗೆರೆ, ‘ಸ’ಗೆ ಮೂರು. ಪಠ್ಯಪುಸ್ತಕ ಶೈಲಿಯ ಅಕ್ಷರರೂಪಕ್ಕೆ ‘ಕ್ಯೋಕಶೊತಾಯ್’ ಎನ್ನುತ್ತಾರೆ. ಆ ರೂಪದಲ್ಲಿರುವ, ಗೆರೆಗಳಿಗೆ ಕ್ರಮಸಂಖ್ಯೆ ಕೊಟ್ಟಿರುವ ಪಟ್ಟಿಯನ್ನೇ ಮುದ್ರಿಸಿಕೊಳ್ಳಿ.

ದಿನದ ಅಭ್ಯಾಸ

ದಿನಕ್ಕೆ ಒಂದು ಸಾಲು, ಅಂದರೆ ಐದು ಅಕ್ಷರ. ಬೆಳಿಗ್ಗೆ ಕಾಲು ಗಂಟೆ, ರಾತ್ರಿ ಕಾಲು ಗಂಟೆ. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂತು ಇಪ್ಪತ್ತು ಅಕ್ಷರ ಮುಗಿಸುವವರಿಗೆ ಬುಧವಾರದ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ನಡುವೆ ಒಂದು ರಾತ್ರಿಯ ನಿದ್ದೆ ಬೇಕು, ಸ್ವಲ್ಪ ಮರೆಯಲೂ ಬೇಕು. ಮರೆತದ್ದನ್ನು ಮತ್ತೆ ಎಳೆದು ತಂದಾಗಲೇ ಅದು ಗಟ್ಟಿಯಾಗುವುದು.

ಮೊದಲು ಅಕ್ಷರವನ್ನು ಪೆನ್ಸಿಲ್ ಮುಟ್ಟದೆ ನೋಡಿ. ಎಷ್ಟು ಗೆರೆ, ಯಾವುದು ಮೊದಲು, ಯಾವುದರ ಕೊನೆ ಹೇಗೆ. ಸಾಮಾನ್ಯ ನಿಯಮ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಅಪವಾದಗಳಿವೆ: ಹಿರಗನದ ‘ಮೊ’ ಬರೆಯುವಾಗ ಉದ್ದನೆಯ ಕೊಕ್ಕೆ ಮೊದಲು, ಎರಡು ಅಡ್ಡಗೆರೆ ಆಮೇಲೆ. ಕತಕನದ ‘ಮೊ’ಗೆ ಅಡ್ಡಗೆರೆಗಳೇ ಮೊದಲು. ಎಡಗೈಯವರೂ ಇದೇ ಕ್ರಮವನ್ನು ಪಾಲಿಸಬೇಕು. ಗೆರೆಯ ದಿಕ್ಕು ತಿರುಗಿದರೆ ಚಿಮ್ಮುವ ತುದಿ ತಪ್ಪು ಕಡೆಗೆ ಬರುತ್ತದೆ.

ಎರಡನೆಯದಾಗಿ, ಧ್ವನಿಯನ್ನು ಗಟ್ಟಿಯಾಗಿ ಹೇಳುತ್ತಾ ದೊಡ್ಡ ಚೌಕದಲ್ಲಿ ಮೂರು ಸಲ ಬರೆಯಿರಿ. ಮೂರೇ ಸಲ. ಪುಟ ತುಂಬ ಬರೆಯುವವರು ನಾಲ್ಕನೆಯ ಅಕ್ಷರವನ್ನು ಪಟ್ಟಿಯನ್ನು ನೋಡಿ ಬರೆಯುವುದಿಲ್ಲ, ತಾವೇ ಬರೆದ ಮೂರನೆಯದನ್ನು ನೋಡಿ ಬರೆಯುತ್ತಾರೆ. ಮೂರನೆಯದರ ಓರೆಕೋರೆ ನಾಲ್ಕನೆಯದಕ್ಕೆ, ಅದರಿಂದ ಐದನೆಯದಕ್ಕೆ ಸಾಗುತ್ತದೆ. ಹತ್ತನೆಯದರ ಹೊತ್ತಿಗೆ ಮನಸ್ಸು ಬೇರೆಲ್ಲೋ ಇರುತ್ತದೆ. ಅಂಥ ಪುಟಗಳನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ, ಏಕೆಂದರೆ ಅದರ ಹಿಂದಿನ ಶ್ರದ್ಧೆ ಅಪ್ಪಟವಾದದ್ದು, ಫಲ ಮಾತ್ರ ಇಲ್ಲ.

ಮೂರನೆಯ ಹೆಜ್ಜೆಯೇ ಅಸಲಿ ಅಭ್ಯಾಸ. ಪಟ್ಟಿಯನ್ನು ಮುಚ್ಚಿ. ಹೊಸ ಪುಟದ ಎಡ ಅಂಚಿನಲ್ಲಿ ಆ ದಿನದ ಐದು ಧ್ವನಿಗಳನ್ನು ಕನ್ನಡದಲ್ಲಿ ಅಡ್ಡಾದಿಡ್ಡಿಯಾಗಿ ಬರೆದುಕೊಳ್ಳಿ: ಕೆ, ಕ, ಕೊ, ಕಿ, ಕು. ಒಂದೊಂದರ ಮುಂದೆ ಜಪಾನಿ ಅಕ್ಷರವನ್ನು ನೆನಪಿನಿಂದ ಬರೆಯಿರಿ. ಹೊಳೆಯದಿದ್ದರೆ ಒಡನೆ ಪಟ್ಟಿ ತೆರೆಯಬೇಡಿ, ಅರ್ಧ ನಿಮಿಷ ತಡಕಾಡಿ. ಆಮೇಲೆ ತೆರೆದು ಹೋಲಿಸಿ. ತಪ್ಪಿದವನ್ನು ಮಾತ್ರ ಮತ್ತೆ ಮೂರು ಸಲ ಬರೆದು, ಮತ್ತೆ ಮುಚ್ಚಿ, ಮತ್ತೆ ನೆನೆದು ಬರೆಯಿರಿ. ಸರಿಯಾದವನ್ನು ಆ ಹೊತ್ತಿಗೆ ಬಿಟ್ಟುಬಿಡಿ.

ಮರುದಿನ ಹೊಸ ಸಾಲಿಗೆ ಕೈಹಾಕುವ ಮೊದಲು, ಅಲ್ಲಿಯವರೆಗಿನ ಎಲ್ಲ ಸಾಲುಗಳಿಂದ ಹತ್ತು ಅಕ್ಷರಗಳನ್ನು ಆರಿಸಿ ಹೀಗೆಯೇ ಬರೆಯಿರಿ. ಕ್ರಮದಲ್ಲಿ ಬರೆಯಬೇಡಿ. ಕ್ರಮ ನಮಗೆ ಎಷ್ಟು ಚೆನ್ನಾಗಿ ಗೊತ್ತಿದೆಯೆಂದರೆ ಅದು ಮೋಸ ಮಾಡುತ್ತದೆ: ‘ನ’ ಮತ್ತು ‘ನಿ’ ಬರೆದ ಮೇಲೆ ‘ನು’ ತಾನಾಗಿ ಬರುತ್ತದೆ, ಒಂಟಿಯಾಗಿ ಕೇಳಿದರೆ ಬರುವುದಿಲ್ಲ.

ಕನ್ನಡವನ್ನು ಅಂಚಿನಲ್ಲಿ ಬರೆಯಿರಿ ಎಂದೆ, ಅಕ್ಷರದ ಕೆಳಗೆ ಬರೆಯಿರಿ ಎನ್ನಲಿಲ್ಲ. ಪಾಠದ ಜಪಾನಿ ಸಾಲಿನ ಕೆಳಗೆ ಕನ್ನಡದಲ್ಲೋ ರೋಮನ್ ಲಿಪಿಯಲ್ಲೋ ಉಚ್ಚಾರಣೆ ಬರೆದಿಟ್ಟುಕೊಂಡರೆ ಕಣ್ಣು ಸದಾ ಅಲ್ಲಿಗೇ ಓಡುತ್ತದೆ. ತಿಂಗಳುಗಟ್ಟಲೆ ಓದಿದರೂ ಜಪಾನಿ ಅಕ್ಷರವನ್ನು ಓದಿರುವುದಿಲ್ಲ. ಧ್ವನಿಯ ಗುರುತು ಬೇಕೇ ಬೇಕೆಂದರೆ ರೋಮನ್‌ಗಿಂತ ಕನ್ನಡವೇ ಮೇಲು, ಹ್ರಸ್ವ ದೀರ್ಘ ಅದರಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅದನ್ನೂ ಹಾಳೆಯ ಹಿಂಬದಿಗೆ ಬರೆಯಿರಿ.

ನೆನಪಿಗೆ ಕೊಂಡಿ ಬೇಕಾದಾಗ ಇಂಗ್ಲಿಷಿನಿಂದ ಎರವಲು ತರಬೇಕಾಗಿಲ್ಲ. ಹಿರಗನದ ‘ಕು’ ತೆರೆದ ಹಕ್ಕಿಯ ಬಾಯಿಯಂತಿದೆ: ಕೊಕ್ಕು. ‘ಹೆ’ ಇಳಿಜಾರು ಮಾಡಿನಂತಿದೆ: ಹೆಂಚು. ‘ಇ’ ಪಕ್ಕಪಕ್ಕ ನಿಂತ ಎರಡು ಗೆರೆ: ಇಬ್ಬರು. ‘ಹಿ’ ಅಗಲವಾಗಿ ನಗುವ ಬಾಯಿ. ಉಳಿದವಕ್ಕೆ ನಿಮ್ಮದೇ ಕೊಂಡಿ ಹುಡುಕಿ. ತಾನೇ ಹುಡುಕಿದ್ದು ಬೇಗ ಮರೆಯುವುದಿಲ್ಲ. ಎಲ್ಲ ಅಕ್ಷರಕ್ಕೂ ಕೊಂಡಿ ಇರಲೇಬೇಕೆಂಬ ಹಟವೂ ಬೇಡ. ಹಿರಗನದಲ್ಲಿ ಹನ್ನೊಂದು ಅಕ್ಷರಗಳು ಪೆನ್ಸಿಲ್ ಎತ್ತದೆ ಒಂದೇ ಗೆರೆಯಲ್ಲಿ ಮುಗಿಯುತ್ತವೆ: ಕು, ಶಿ, ಸೊ, ತ್ಸು, ತೆ, ನೊ, ಹಿ, ಹೆ, ರು, ರೊ ಮತ್ತು ಅನುನಾಸಿಕ ‘ನ್’. ಇವು ಕೈಗೇ ನೆನಪಿರುತ್ತವೆ.

ಐದು ಅಕ್ಷರ ಬಂದೊಡನೆ ಪದ ಬರೆಯಿರಿ. ಮೊದಲ ಸಾಲು ಒಂದರಲ್ಲೇ ಇಎ, ಅಂದರೆ ಮನೆ. ಉಎ, ಅಂದರೆ ಮೇಲೆ. ಅಒ, ಅಂದರೆ ನೀಲಿ. ‘ಕ’ ಸಾಲು ಸೇರಿದರೆ ಕಒ ಎಂಬ ಮುಖ, ಎಕಿ ಎಂಬ ರೈಲು ನಿಲ್ದಾಣ, ಅಕಿ ಎಂಬ ಶರತ್ಕಾಲ. ‘ಸ’ ಸಾಲಿನಿಂದ ಸುಶಿ, ಅಸ ಎಂಬ ಬೆಳಗು, ಕಸ ಎಂಬ ಕೊಡೆ. ‘ತ’ ಸಾಲಿನಿಂದ ಕುತ್ಸು ಎಂಬ ಪಾದರಕ್ಷೆ, ಚಿಕತೆತ್ಸು ಎಂಬ ಸುರಂಗ ರೈಲು. ಇನುವೆಂಬ ನಾಯಿ, ನೆಕೊ ಎಂಬ ಬೆಕ್ಕು, ಯಮ ಎಂಬ ಬೆಟ್ಟ, ಸೊರ ಎಂಬ ಆಕಾಶ ಹೀಗೆ ಒಂದೊಂದಾಗಿ ಬರುತ್ತವೆ. ಅರ್ಥವಿರುವ ಪದದಲ್ಲಿ ಕೂತ ಅಕ್ಷರ ಒಂಟಿ ಅಕ್ಷರಕ್ಕಿಂತ ಬಹಳ ಗಟ್ಟಿ.

ಸಾಲುಗಳ ನಡುವೆ ನಾಲ್ಕು ಕಡೆ ಧ್ವನಿ ಅನಿರೀಕ್ಷಿತವಾಗಿದೆ. ‘ಸ’ ಸಾಲಿನಲ್ಲಿ ‘ಸಿ’ಯ ಬದಲು ‘ಶಿ’, ‘ತ’ ಸಾಲಿನಲ್ಲಿ ‘ಚಿ’ ಮತ್ತು ‘ತ್ಸು’, ‘ಹ’ ಸಾಲಿನಲ್ಲಿ ಎರಡು ತುಟಿಗಳ ನಡುವೆ ಗಾಳಿ ಊದಿದಂಥ ‘ಫು’. ‘ಯ’ ಸಾಲಿನಲ್ಲಿ ಯ, ಯು, ಯೊ ಮೂರೇ. ‘ವ’ ಸಾಲಿನಲ್ಲಿ ‘ವ’ ಮತ್ತು ಈಗ ‘ಒ’ ಎಂದೇ ಕೇಳಿಸುವ ಇನ್ನೊಂದು, ಅದರ ಬಳಕೆ ಕರ್ಮಪದದ ಪ್ರತ್ಯಯಕ್ಕೆ ಮಾತ್ರ. ಪ್ರತ್ಯಯವಾಗಿ ಬಂದಾಗ ‘ಹ’ ಅಕ್ಷರವನ್ನು ‘ವ’ ಎಂದೂ ‘ಹೆ’ ಅಕ್ಷರವನ್ನು ‘ಎ’ ಎಂದೂ ಓದಬೇಕು. ಮೊದಲ ವಾಕ್ಯಗಳಲ್ಲೇ ಇದು ಎದುರಾಗುತ್ತದೆ, ಗಾಬರಿಯಾಗಬೇಡಿ.

ಹೋಲುವ ಅಕ್ಷರಗಳು

ಹೆಚ್ಚಿನವರು ತೊಡರುವುದು ಇಲ್ಲಿ. ಎರಡು ಅಕ್ಷರಗಳು ಗೊಂದಲ ಮಾಡಿದರೆ ಅವನ್ನು ದೂರ ದೂರ ಅಭ್ಯಾಸ ಮಾಡಿ ಉಪಯೋಗವಿಲ್ಲ. ಒಂದೇ ಪುಟದಲ್ಲಿ ಪಕ್ಕಪಕ್ಕ ಕೂರಿಸಿ, ವ್ಯತ್ಯಾಸವಿರುವ ಜಾಗಕ್ಕೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ. ಆಮೇಲೆ ಆ ಒಂದು ಅಕ್ಷರದಿಂದಲೇ ಅರ್ಥ ಬದಲಾಗುವ ಜೋಡಿಪದಗಳನ್ನು ಬರೆಯಿರಿ.

‘ಹ’ ಮತ್ತು ‘ಹೊ’: ಹೊ ಅಕ್ಷರಕ್ಕೆ ಬಲಗಡೆ ಎರಡು ಅಡ್ಡಗೆರೆ, ಉದ್ದಗೆರೆ ಮೇಲಿನ ಅಡ್ಡಗೆರೆಯನ್ನು ದಾಟಿ ತಲೆಯೆತ್ತುವುದಿಲ್ಲ. ಹ ಅಕ್ಷರಕ್ಕೆ ಒಂದೇ ಅಡ್ಡಗೆರೆ, ಉದ್ದಗೆರೆ ಅದನ್ನು ದಾಟಿ ಮೇಲೆ ನಿಲ್ಲುತ್ತದೆ. ಹಶಿ ಎಂದರೆ ಊಟದ ಕಡ್ಡಿ, ಹೊಶಿ ಎಂದರೆ ನಕ್ಷತ್ರ. ‘ರು’ ಮತ್ತು ‘ರೊ’: ರು ಕೊನೆಗೆ ಸಣ್ಣ ಸುರುಳಿ ಸುತ್ತುತ್ತದೆ, ರೊ ಸುತ್ತುವುದಿಲ್ಲ. ಕುರು ಎಂದರೆ ಬರು, ಕುರೊ ಎಂದರೆ ಕಪ್ಪು. ‘ನು’ ಮತ್ತು ‘ಮೆ’ ನಡುವೆಯೂ ಅದೇ ಕೊನೆಯ ಸುರುಳಿಯ ವ್ಯತ್ಯಾಸ: ನುಶಿ ಎಂದರೆ ಒಡೆಯ, ಮೆಶಿ ಎಂದರೆ ಊಟ.

‘ನೆ’, ‘ರೆ’, ‘ವ’ ಮೂರಕ್ಕೂ ಎಡಭಾಗ ಒಂದೇ. ಬಲಗಡೆ ಗೆರೆ ಕೊನೆಗೆ ಸುರುಳಿ ಸುತ್ತಿದರೆ ನೆ, ಹೊರಕ್ಕೆ ಬಾಗಿ ಹೋದರೆ ರೆ, ಒಳಕ್ಕೆ ಬಾಗಿ ನಿಂತರೆ ವ. ಕನೆ, ಕರೆ, ಕವ: ಹಣ, ಅವನು, ಹೊಳೆ. ಈ ಮೂರು ಪದಗಳನ್ನು ಕಲೆಸಿ ಬರೆಯುವುದು ನಾನು ಬಲ್ಲ ಅತ್ಯುತ್ತಮ ಹಿರಗನ ಕಸರತ್ತು. ‘ಕಿ’ ಮತ್ತು ‘ಸ’ ಒಂದು ಅಡ್ಡಗೆರೆಯಲ್ಲಷ್ಟೇ ಬೇರೆ. ಕಕಿ ಎಂಬ ಹಣ್ಣು, ಕಸ ಎಂಬ ಕೊಡೆ. ‘ಸ’ದ ಹೊಟ್ಟೆ ಎಡಕ್ಕೆ, ‘ಚಿ’ಯ ಹೊಟ್ಟೆ ಬಲಕ್ಕೆ. ‘ಇ’ ಅಕ್ಷರದಲ್ಲಿ ಎಡಗೆರೆ ಉದ್ದ, ‘ರಿ’ ಅಕ್ಷರದಲ್ಲಿ ಬಲಗೆರೆ ಉದ್ದ: ಇಸು ಎಂದರೆ ಕುರ್ಚಿ, ರಿಸು ಎಂದರೆ ಅಳಿಲು.

ಚುಕ್ಕಿ, ಕಿರಿಯಕ್ಷರ, ಮಾತ್ರೆ

46 ಬಂದ ಮೇಲೆ ಇನ್ನು 25 ಧ್ವನಿಗಳು ಹೆಚ್ಚು ಶ್ರಮವಿಲ್ಲದೆ ಬರುತ್ತವೆ. ಅಕ್ಷರದ ಬಲ ತಲೆಯ ಮೇಲೆ ಎರಡು ಸಣ್ಣ ಗೆರೆ ಹಾಕಿದರೆ ಕ ಗ ಆಗುತ್ತದೆ, ಸ ಜ಼ ಆಗುತ್ತದೆ, ತ ದ ಆಗುತ್ತದೆ, ಹ ಬ ಆಗುತ್ತದೆ. ‘ಹ’ ಸಾಲಿಗೆ ಸಣ್ಣ ಸೊನ್ನೆ ಹಾಕಿದರೆ ಪ. ಹೊಸ ಆಕಾರ ಕಲಿಯಬೇಕಾಗಿಲ್ಲ. ಇದಕ್ಕೆ ಎರಡು ದಿನ ಸಾಕು.

ಕಿರಿಯಕ್ಷರಗಳಿಗೆ ಹೆಚ್ಚು ಸಮಯ ಕೊಡಿ. ‘ಕಿ’ಯ ಮುಂದೆ ಚಿಕ್ಕದಾಗಿ ‘ಯ’ ಬರೆದರೆ ‘ಕ್ಯ’. ನಮ್ಮ ಯ-ಒತ್ತಿನ ಕೆಲಸವನ್ನು ಅದು ಮಾಡುತ್ತದೆ, ಆದರೆ ಕೆಳಗೆ ಬಾರದೆ ಪಕ್ಕದಲ್ಲಿ ಕೂರುತ್ತದೆ. ಅಡ್ಡ ಬರಹದಲ್ಲಿ ಅದು ಚೌಕದ ಎಡ ಕೆಳಮೂಲೆಯಲ್ಲಿ, ಮೇಲಿನಿಂದ ಕೆಳಗೆ ಬರೆಯುವಾಗ ಬಲ ಮೇಲ್ಮೂಲೆಯಲ್ಲಿ ಇರಬೇಕು. ಗಾತ್ರದಲ್ಲಿ ಅಲಕ್ಷ್ಯ ಬೇಡ. ಚಿಕ್ಕ ‘ಯೊ’ ಬರೆದರೆ ಬ್ಯೋಇನ್, ಆಸ್ಪತ್ರೆ. ಅದನ್ನೇ ದೊಡ್ಡದಾಗಿ ಬರೆದರೆ ಬಿಯೋಇನ್, ಬ್ಯೂಟಿ ಪಾರ್ಲರ್.

ಚಿಕ್ಕ ‘ತ್ಸು’ವಿಗೆ ಸ್ವಂತ ಉಚ್ಚಾರವಿಲ್ಲ, ಮುಂದಿನ ವ್ಯಂಜನವನ್ನು ಇಮ್ಮಡಿ ಮಾಡುತ್ತದೆ. ಒತೊ ಎಂದರೆ ಸದ್ದು, ನಡುವೆ ಚಿಕ್ಕ ತ್ಸು ಬಂದರೆ ಒತ್ತೊ, ಗಂಡ. ಕಿತೆ ಎಂದರೆ ಬಂದು, ಕಿತ್ತೆ ಎಂದರೆ ಅಂಚೆಚೀಟಿ. ಸಜಾತೀಯ ಒತ್ತಕ್ಷರ ದಿನನಿತ್ಯ ಬಳಸುವ ಕನ್ನಡಿಗರಿಗೆ ಇದನ್ನು ಉಚ್ಚರಿಸುವುದು ನೀರು ಕುಡಿದಷ್ಟು ಸಲೀಸು. ಬರೆಯುವಾಗ ಮಾತ್ರ ಇಮ್ಮಡಿಗೆ ಪ್ರತ್ಯೇಕ ಚೌಕ ಬಿಡಬೇಕು ಎಂಬುದು ಮರೆತುಹೋಗುತ್ತದೆ.

ದೀರ್ಘವೂ ಹಾಗೆಯೇ. ಹಿರಗನದಲ್ಲಿ ದೀರ್ಘಕ್ಕೆ ಇನ್ನೊಂದು ಸ್ವರ ಬರೆಯಬೇಕು. ‘ಓ’ ಬೇಕಾದರೆ ಹೆಚ್ಚಾಗಿ ಒ-ಕಾರದ ಮುಂದೆ ‘ಉ’, ‘ಏ’ ಬೇಕಾದರೆ ಎ-ಕಾರದ ಮುಂದೆ ‘ಇ’. ಕೊಕೊ ಎಂದರೆ ಇಲ್ಲಿ. ಕೊ-ಉ-ಕೊ-ಉ ಎಂದು ಬರೆದರೆ ಕೋಕೋ, ಪ್ರೌಢಶಾಲೆಯ ಮೇಲಿನ ಶಾಲೆ. ಒಬಸನ್ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಎಂದರೆ ಅಜ್ಜಿ. ತಪ್ಪು ಅಳತೆಯಲ್ಲಿ ಹೇಳಿದರೆ ಮುಜುಗರವೇ.

ಇದನ್ನೆಲ್ಲ ಸರಿಯಾಗಿ ಬರೆಯಲು ಒಂದೇ ಸೂತ್ರ ಸಾಕು, ಅದು ಕನ್ನಡ ತರಗತಿಯಲ್ಲಿ ಪ್ರಸ್ತಾರ ಹಾಕಿದವರಿಗೆ ಗೊತ್ತಿರುವುದೇ: ಮಾತ್ರೆ ಎಣಿಸಿ. ಹ್ರಸ್ವಾಕ್ಷರ ಒಂದು ಮಾತ್ರೆ, ದೀರ್ಘ ಎರಡು. ಇಮ್ಮಡಿಯ ಮೊದಲರ್ಧಕ್ಕೆ ಒಂದು, ‘ನ್’ ಒಂಟಿಯಾಗಿ ಒಂದು. ಶಾಲೆ ಎಂಬ ಅರ್ಥದ ಗಕ್ಕೋ ನಾಲ್ಕು ಮಾತ್ರೆ. ಗ, ಚಿಕ್ಕ ತ್ಸು, ಕೊ, ಉ ಎಂದು ನಾಲ್ಕು ಅಕ್ಷರ. ನಿಹೊನ್, ಅಂದರೆ ಜಪಾನ್, ಮೂರು ಮಾತ್ರೆ, ಮೂರು ಅಕ್ಷರ. ಚಿಕ್ಕ ಯ, ಯು, ಯೊ ಮಾತ್ರ ಹಿಂದಿನ ಅಕ್ಷರದೊಂದಿಗೆ ಸೇರಿ ಒಂದೇ ಮಾತ್ರೆ. ಹಾಗಾಗಿ ತೋಕ್ಯೋ ನಗರದ ಹೆಸರಿಗೆ ನಾಲ್ಕು ಮಾತ್ರೆ: ತೊ, ಉ, ಕ್ಯೊ, ಉ. ಹೈಕುವಿನಲ್ಲಿ 5, 7, 5 ಎಂದು ಎಣಿಸುವುದೂ ಈ ಮಾತ್ರೆಗಳನ್ನೇ. ಬೆರಳು ಮಡಚುತ್ತಾ ಹೇಳಿ, ಎಷ್ಟು ಬೆರಳೋ ಅಷ್ಟು ಚೌಕ; ಚಿಕ್ಕ ಯ, ಯು, ಯೊ ಬಂದಲ್ಲಿ ಮಾತ್ರ ಅದಕ್ಕೆಂದು ಇನ್ನೊಂದು ಚೌಕ.

ಕತಕನ

ಹಿರಗನ ಬಂದ ಮೇಲೆ ಕತಕನ ಬೇಗ ಸಾಗುತ್ತದೆ, ಅದಕ್ಕೇ ಜನ ಅದನ್ನು ಅರ್ಧಕ್ಕೆ ಬಿಡುತ್ತಾರೆ. ಆಮೇಲೆ ಹೋಟೆಲಿನ ಮೆನು ಓದಲು ಆಗುವುದಿಲ್ಲ. ದಿನಕ್ಕೆ ಒಂದು ಸಾಲು, ಅದೇ ಮೂರು ಹೆಜ್ಜೆ, ಇಲ್ಲಿಯೂ ಪಾಲಿಸಿ. ಕನ್ನಡದ ಕೈ ದುಂಡಾದ ಬರಹಕ್ಕೆ ಒಗ್ಗಿದ್ದು; ಕತಕನದ ಮೂಲೆಗಳನ್ನು ಅದು ಬಾಗಿಸಲು ನೋಡುತ್ತದೆ. ಮೂಲೆ ಬಂದಲ್ಲಿ ಒಂದು ಕ್ಷಣ ನಿಂತು ತಿರುಗಿ.

‘ಶಿ’, ‘ತ್ಸು’, ‘ಸೊ’, ‘ನ್’ ನಾಲ್ಕು ಅಕ್ಷರಗಳು ಇಲ್ಲಿಯ ದೊಡ್ಡ ಪರೀಕ್ಷೆ. ಶಿ ಅಕ್ಷರದ ಎರಡು ಸಣ್ಣ ಗೆರೆಗಳು ಎಡ ಅಂಚಿಗೆ ಒಂದರ ಕೆಳಗೊಂದು, ಉದ್ದಗೆರೆ ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ. ತ್ಸು ಅಕ್ಷರದ ಸಣ್ಣ ಗೆರೆಗಳು ಮೇಲಂಚಿಗೆ ಪಕ್ಕಪಕ್ಕ, ಉದ್ದಗೆರೆ ಮೇಲಿನಿಂದ ಎಡಕೆಳಕ್ಕೆ ಇಳಿಯುತ್ತದೆ. ನ್ ಮತ್ತು ಸೊ ಇವುಗಳಂತೆಯೇ, ಸಣ್ಣ ಗೆರೆ ಒಂದೇ: ನ್ ಏರುತ್ತದೆ, ಸೊ ಇಳಿಯುತ್ತದೆ. ಹಿರಗನವೇ ಇಲ್ಲಿ ಸುಳಿವು ಕೊಡುತ್ತದೆ. ಹಿರಗನದ ಶಿ ಎಡಗಡೆ ಇಳಿದು ಬಲಕ್ಕೆ ಏರುತ್ತದೆ, ಕತಕನದ ಶಿ ಗೆರೆಗಳೂ ಅದೇ ದಾರಿಯಲ್ಲಿ ಕೂತಿವೆ. ಹಿರಗನದ ತ್ಸು ಮೇಲೆ ಎಡದಿಂದ ಬಲಕ್ಕೆ ಹೋಗಿ ಕೆಳಗೆ ಇಳಿಯುತ್ತದೆ, ಕತಕನದ್ದೂ ಹಾಗೆಯೇ. ಎರಡನ್ನೂ ಒಂದರ ಮೇಲೊಂದು ಬರೆದು ನೋಡಿ. ನಂತರ ಶಾತ್ಸು ಅಲ್ಲ, ಶತ್ಸು ಎಂದು ಹ್ರಸ್ವವಾಗಿ ಹೇಳುವ ಅಂಗಿಯ ಹೆಸರು ಬರೆಯಿರಿ. ಅದರಲ್ಲಿ ಶಿ ಮತ್ತು ತ್ಸು ಎರಡೂ ಇವೆ. ಕಂಪ್ಯೂಟರಿಗೆ ಹೇಳುವ ಪಸೊಕೊನ್ ಪದದಲ್ಲಿ ಸೊ ಮತ್ತು ನ್ ಎರಡೂ ಇವೆ. ತಕುಶೀ, ಅಂದರೆ ಟ್ಯಾಕ್ಸಿ, ಪದದಲ್ಲಿ ಒಂದನ್ನೊಂದು ಹೋಲುವ ತ ಮತ್ತು ಕು ಪಕ್ಕಪಕ್ಕ ಬರುತ್ತವೆ.

ಕತಕನದಲ್ಲಿ ದೀರ್ಘಕ್ಕೆ ಸ್ವರ ಬೇಡ, ಒಂದು ಉದ್ದನೆಯ ಅಡ್ಡಗೆರೆ ಸಾಕು: ಕೋಹೀ (ಕಾಫಿ), ಕರೇ (ಕರ್ರಿ). ಮೇಲಿನಿಂದ ಕೆಳಗೆ ಬರೆಯುವಾಗ ಆ ಗೆರೆಯೂ ನೆಟ್ಟಗೆ ನಿಲ್ಲುತ್ತದೆ. ವ್ಯಂಜನಾಂತ್ಯದ ಇಂಗ್ಲಿಷ್ ಪದಗಳಿಗೆ ಹೆಚ್ಚಾಗಿ ‘ಉ’ ಸೇರುತ್ತದೆ: ಬಸು, ಹೊತೆರು. ಬಸ್ಸು, ಹೋಟೆಲು ಎನ್ನುವ ನಮಗೆ ಈ ಲಯ ಹೊಸದಲ್ಲ. ಟ್, ಡ್ ಕೊನೆಗೆ ಬಂದರೆ ‘ಒ’ ಸೇರುತ್ತದೆ, ಬೆಡ್ ಎಂಬುದು ಬೆದ್ದೊ ಆಗುತ್ತದೆ. ‘ಲ’ ಮತ್ತು ‘ಳ’ ಎರಡಕ್ಕೂ ‘ರ’ ಸಾಲೇ ಗತಿ. ಮಹಾಪ್ರಾಣವೂ ಟ-ವರ್ಗವೂ ಇಲ್ಲ.

ಇಷ್ಟು ತಿಳಿದರೆ ನಮ್ಮ ಊರುಗಳ ಹೆಸರು ಬರೆಯುವುದೇ ಅತ್ಯುತ್ತಮ ಅಭ್ಯಾಸ. ಬೆಂಗಳೂರಿಗೆ ಬೆ, ನ್, ಗ, ರು, ದೀರ್ಘಗೆರೆ, ರು. ದೀರ್ಘ ಬರುವುದು ಕನ್ನಡದಲ್ಲಿ ‘ಳೂ’ ಇರುವ ಕಡೆಯೇ. ಕರ್ನಾಟಕಕ್ಕೆ ಕ, ರು, ನ, ದೀರ್ಘಗೆರೆ, ತ, ಕ. ಲಕ್ಷ್ಮಿ ಎಂಬ ಹೆಸರು ರಕುಶುಮಿ ಆಗುತ್ತದೆ, ಅಲ್ಲಿ ‘ಶು’ವಿಗೆ ಶಿ ಮತ್ತು ಚಿಕ್ಕ ಯು. ಮೊದಲು ನಿಮ್ಮ ಹೆಸರು, ಮನೆಯವರ ಹೆಸರು, ಬಸ್ಸು ಹಾದುಹೋಗುವ ನಿಲ್ದಾಣಗಳ ಹೆಸರು ಹೀಗೆ ಬರೆಯುತ್ತಾ ಹೋಗಿ. ಮಾತ್ರೆ ಎಣಿಸಲು ಮರೆಯಬೇಡಿ.

ಓದಿ, ಕೇಳಿ, ಬರೆಯಿರಿ

ಎರಡೂ ಮುಗಿದ ಮೇಲೆ ಅಭ್ಯಾಸ ನಿಲ್ಲಿಸಿದರೆ ಮೂರು ವಾರಗಳಲ್ಲಿ ಅರ್ಧ ಕರಗುತ್ತದೆ. ಈಗ ಒಂಟಿ ಅಕ್ಷರ ಬರೆಯುವುದನ್ನು ಬಿಟ್ಟು ಓದಿಗೆ ತಿರುಗಿ. ಪುಟ್ಟ ಮಕ್ಕಳ ಪುಸ್ತಕಗಳು ಪೂರ್ತಿ ಹಿರಗನದಲ್ಲಿದ್ದು, ಪದಗಳ ನಡುವೆ ಜಾಗ ಬಿಟ್ಟಿರುತ್ತವೆ. ದೊಡ್ಡವರ ಬರಹದಲ್ಲಿ ಆ ಜಾಗ ಇರುವುದಿಲ್ಲ. ಜಪಾನಿನ ರೈಲು ನಿಲ್ದಾಣಗಳ ಫಲಕಗಳಲ್ಲಿ ಕಂಜಿಯ ಜೊತೆ ಹಿರಗನವೂ ಇರುತ್ತದೆ. ಅವುಗಳ ಚಿತ್ರಗಳನ್ನು ಹುಡುಕಿ ಓದುವುದು ಒಳ್ಳೆಯ ಆಟ. ಕೀಲಿಮಣೆಯಲ್ಲಿ ಬರೆಯುವುದನ್ನೂ ಈಗ ಕಲಿಯಬಹುದು; ಕೈಬರಹ ಕೂತ ಮೇಲೆ ಅದರಿಂದ ತೊಂದರೆಯಿಲ್ಲ.

ವಾರಕ್ಕೊಮ್ಮೆ ಉಕ್ತಲೇಖನ ಬರೆಯಿರಿ. ನಿಮಗೆ ಗೊತ್ತಿರುವ ಇಪ್ಪತ್ತು ಪದಗಳನ್ನು ಮೊಬೈಲ್‌ನಲ್ಲಿ ನಿಮ್ಮದೇ ಧ್ವನಿಯಲ್ಲಿ, ನಡುವೆ ಬಿಡುವು ಕೊಟ್ಟು ಮುದ್ರಿಸಿಡಿ. ಎರಡು ದಿನ ಬಿಟ್ಟು ಅದನ್ನು ಹಾಕಿ, ನಿಲ್ಲಿಸದೆ ಬರೆಯಿರಿ. ತಪ್ಪಿದ ಪದಗಳನ್ನು ಮುಂದಿನ ವಾರದ ಇಪ್ಪತ್ತರೊಳಗೆ ಸೇರಿಸಿ. ಇಪ್ಪತ್ತೂ ತಡೆಯಿಲ್ಲದೆ ಬರತೊಡಗಿದ ವಾರವೇ ಕಂಜಿಗೆ ಕೈಹಾಕಿ. ಜಪಾನಿನಲ್ಲಿ ಒಂದನೆಯ ತರಗತಿಯ ಮಕ್ಕಳು 80 ಕಂಜಿ ಕಲಿಯುತ್ತಾರೆ. ಒಂದು, ಎರಡು, ಮೂರು, ಬೆಟ್ಟ, ಹೊಳೆ ಎಲ್ಲ ಅದರಲ್ಲೇ ಇವೆ, ಚೌಕುಳಿ ಪುಸ್ತಕವೂ ಅದೇ ಸಾಕು.